ಅಕ್ಕನ ಸ್ವೆಟರಿನ ಕೊನೆಯ ಕುಣಿಕೆ

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿದೆ. ಅದರೊಳಗೆ ನಾನು ಹೆಣೆಯುತ್ತ ಹೆಣೆಯುತ್ತ ನಿಲ್ಲಿಸಿದ ಮೂರು ಕೆಲಸಗಳಿದ್ದವು. ಹೆಂಡತಿಗೆಂದು ಶುರು ಮಾಡಿದ ಮಫ್ಲರ್, ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟಿರುವವನಿಗೆ ಮಾತು ಕೊಟ್ಟಿದ್ದ ಮಂಕಿ ಟೋಪಿ, ಅಜ್ಜೀಪುರದಲ್ಲಿರುವ ನನ್ನ ಅಕ್ಕನ ಕಾಫಿ ಬಣ್ಣದ ಸ್ವೆಟರ್. ಮೂರೂ ಕಡ್ಡಿಯ ಮೇಲೆಯೇ ಇದ್ದವು. ಕೆಲಸವನ್ನು ಅರ್ಧಕ್ಕೆ ಬಿಡುವ ಜಾತಿಯವನಲ್ಲ ನಾನು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸೀರೆ ಮುಗಿಯದೆ ಎದ್ದವನಲ್ಲ. ಆದರೂ ಈ ಮೂರನ್ನು ನಾನೇ ಕೈಯಾರೆ ಪೆಟ್ಟಿಗೆಗೆ ಹಾಕಿ ಮುಚ್ಚಿದ್ದೆ.

ಅಡಿಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು.

"ಅದ್ಯಾಕ್ರೀ ಇಳಿಸ್ತಿದ್ದೀರಿ ಈಗ?"

"ಚಳಿ ಬತ್ತಾ ಅದೆ. ಅಕ್ಕ ಪೋನ್ ಮಾಡಿದ್ಲು, ಸ್ವೆಟರ್ ಎಲ್ಲಿ ಅಂತ."

"ಅಂಗಡೀಲಿ ಒಂದು ತಕಂಡ್ ಕೊಟ್ಬುಡಿ. ಚೆನ್ನಾಗಿರವು ಸಿಕ್ತವೆ." ಹತ್ತಿರ ಬಂದು, ಯಾರಿಗೋ ಕೇಳಿಸೀತು ಎಂಬಂತೆ ದನಿ ತಗ್ಗಿಸಿ, "ನಂಗೆ ಮಫ್ಲರ್ ಬ್ಯಾಡ. ಅತ್ಗೇದೂ ಮುಗಿಸ್ಬ್ಯಾಡಿ. ಕೈ ಮುಗಿತೀನಿ," ಎಂದಳು.

ಅವಳ ಭಯಕ್ಕೆ ಕಾರಣ ಹೇಳಬೇಕಾದರೆ ಹಿಂದಿನಿಂದ ಬರಬೇಕು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಅನ್ನುವುದಿಲ್ಲ, ನಾನೇ ಬಿಟ್ಟೆ. ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನಲ್ಲಿ ಮುಸುಕಿನ ಜೋಳದ ಹೊಲಕ್ಕೆ ಕಳೆ ಕೀಳಲು ಊರಿನವರ ಜೊತೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಅಜ್ಜಿ ಬದುವಿನ ಮೇಲೆ ಕೂತು, ಕೂಲಿಯವರ ಮೇಲೆ ಕಣ್ಣು, ಕೈಯಲ್ಲಿ ಉಲ್ಲನ್ ದಾರ, ಹೀಗೆ ಇಡೀ ದಿನ ಹೆಣೆಯುತ್ತಿದ್ದಳು. ಊಟದ ಹೊತ್ತಿನಲ್ಲಿ ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಸೈಕಲ್ಲಿನ ಕಡ್ಡಿ ಎರಡನ್ನು ಕಲ್ಲಿಗೆ ಉಜ್ಜಿ ನಯ ಮಾಡಿಕೊಂಡು ಹೋದ ದಿನ ಅವಳು ನಕ್ಕು, ಪಕ್ಕಕ್ಕೆ ಕೂರಿಸಿಕೊಂಡು, ಕುಣಿಕೆ ಹಾಕುವುದು ಹೇಳಿಕೊಟ್ಟಳು. ಗಂಡಸು ಹೆಣೆಯುತ್ತಾನೆ ಎಂದು ನಕ್ಕವರು ಆಮೇಲೆ ನನ್ನ ಸ್ವೆಟರು ಹಾಕಿಕೊಂಡೇ ಚಳಿ ಕಳೆದರು.

ಮಗ್ಗ ಕಲಿಸಿದವನು ಭಾವ, ಅಂದರೆ ಅಕ್ಕನ ಗಂಡ. ಅಜ್ಜೀಪುರದವನು. ಆಗ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುವಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸುತ್ತೇವೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೆರಳು ಜಾರಬಾರದೆಂದು ಬೂದಿ ಮುಟ್ಟಿಕೊಳ್ಳುತ್ತೇವೆ. ಗಂಟು ಹಾಕುವ ಹಾಗಿಲ್ಲ. ಹೀಗೆ ಮಾಡುತ್ತ ಹೋದರೆ ಮಗ್ಗ ಎಂದೂ ಬರಿದಾಗುವುದಿಲ್ಲ, ಯಾವತ್ತೋ ನೇಯ್ದ ಮೊದಲನೇ ಸೀರೆಗೂ ಇವತ್ತಿನ ಸೀರೆಗೂ ದಾರ ಕಡಿಯುವುದಿಲ್ಲ. ಭಾವ ಎಡಗೈಯವನು. ಅವನು ಕೆಚ್ಚಿದ ಎಳೆಯ ಹೊಸೆತ ನಮ್ಮೆಲ್ಲರದಕ್ಕಿಂತ ಉಲ್ಟಾ ಇರುತ್ತಿತ್ತು. ಸಾಲಾಗಿ ಎಂಟು ಮಗ್ಗ ಇದ್ದರೂ ಯಾವುದು ಭಾವ ಕೆಚ್ಚಿದ್ದು ಎಂದು ಬೆರಳಾಡಿಸಿಯೇ ಹೇಳಬಹುದಿತ್ತು. ಎಡಕ್ಕೆ ವಾಲಿದ ಹೊಸೆತ. ನಾನು ಎಷ್ಟು ಸಲ ಪ್ರಯತ್ನಪಟ್ಟರೂ ಆ ರೀತಿ ಬರಲಿಲ್ಲ.

ವಯಸ್ಸಾದ ಮೇಲೆ ಭಾವ ಮಗ್ಗ ಬಿಟ್ಟು, ಅಕ್ಕನನ್ನು ಕರೆದುಕೊಂಡು ಅಜ್ಜೀಪುರದ ತನ್ನ ಹೊಲಕ್ಕೆ ಹೋದ. ಅಲ್ಲಿ ಬೆಟ್ಟದ ಗಾಳಿ. ಅಕ್ಕನೇ ಟಿಬೆಟ್ ಕ್ಯಾಂಪಿಗೆ ಹೋಗಿ ಬೂದಿ ಬಣ್ಣದ ಉಲ್ಲನ್ನು ಆರಿಸಿ ತಂದು, "ಇವ್ರಿಗೊಂದು ಹೆಣ್ಕೊಡ್ಲಾ, ದಪ್ಪಕಿರ್ಲಿ," ಎಂದಳು. ಹೆಣೆದುಕೊಟ್ಟೆ. ಭಾವ ಹಾಕಿಕೊಂಡು ಕನ್ನಡಿ ನೋಡಿದ. ಆ ಚಳಿ ಕಳೆಯುವುದರೊಳಗೆ ತೀರಿಕೊಂಡ.

ಹೆಣೆದು ಉಳಿದದ್ದು ನಿಂಬೆಹಣ್ಣಿನಷ್ಟು ಬೂದಿ ದಾರದ ಉಂಡೆ. ಉಲ್ಲನ್ನನ್ನು ಕತ್ತರಿಸಿ ಎಸೆಯುವುದು ನನ್ನ ಕೈಗೆ ಬರುವುದಿಲ್ಲ, ಮಗ್ಗದ ಅಭ್ಯಾಸ. ಮುಂದಿನ ಸ್ವೆಟರಿಗೆ ನೀಲಿ ತಂದಾಗ ಅದರ ತುದಿಯನ್ನು ಬೂದಿ ದಾರದ ತುದಿಗೆ ಕೆಚ್ಚಿ, ನೀಲಿಯನ್ನು ಬೂದಿ ಉಂಡೆಯ ಮೇಲೆಯೇ ಸುತ್ತಿದೆ. ಹಾಗಾಗಿ ಹೆಣೆಯುವಾಗ ಮೊದಲು ನೀಲಿ ಮುಗಿದು, ಕಡೆಗೆ ಕುತ್ತಿಗೆಯ ಹೊತ್ತಿಗೆ ಒಳಗಿನ ಬೂದಿ ಬಂತು. ನೀಲಿ ಸ್ವೆಟರಿಗೆ ಬೂದಿ ಕುತ್ತಿಗೆ. ನೋಡಲು ಚೆನ್ನಾಗಿಯೇ ಇತ್ತು. ಅದು ನಮ್ಮ ಮಗ್ಗದ ಮನೆಯ ಹಿರಿಯ ಮೇಸ್ತ್ರಿಗೆ. ಮುಂದಿನದು ಹಸಿರು, ಯಳಂದೂರಿನಲ್ಲಿದ್ದ ನಮ್ಮ ಮಾವನಿಗೆ. ಅದಕ್ಕೂ ಬೂದಿ ಕುತ್ತಿಗೆ. ಮೇಸ್ತ್ರಿ ಸಂಕ್ರಾಂತಿಗೆ ಮುಂಚೆ ಹೋದರು. ಮಾವನನ್ನು ಆ ಹಸಿರು ಸ್ವೆಟರಿನಲ್ಲೇ ಮಣ್ಣು ಮಾಡಿದರು. ತೆಗೆಯಲು ಹೋದಾಗ ಕುತ್ತಿಗೆ ಬಿಗಿಯಾಗಿ ತಲೆಯಿಂದ ಬರಲಿಲ್ಲವಂತೆ. ಕತ್ತರಿ ಹಾಕೋಣವೆಂದರೆ ಮನೆಯವರು ಬೇಡವೆಂದರಂತೆ. ಇದನ್ನು ನನ್ನ ಹೆಂಡತಿ ಕಣ್ಣಾರೆ ನೋಡಿದಳು. ಅವಳ ಅಪ್ಪನಲ್ಲವೇ.

ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎರಡು ಕುತ್ತಿಗೆ ಹೆಣೆದ ಮೇಲೂ ಬೂದಿ ಉಂಡೆ ನಿಂಬೆಹಣ್ಣಿನಷ್ಟೇ ಇತ್ತು.

ನನ್ನ ಲೆಕ್ಕ ನೇರ. ವಯಸ್ಸಾದವರಿಗೆ ಚಳಿ ಹೆಚ್ಚು, ಅದಕ್ಕೇ ಅವರಿಗೆ ಸ್ವೆಟರು. ವಯಸ್ಸಾದವರೇ ಸಾಯುವುದು. ಇದರಲ್ಲಿ ನನ್ನ ದಾರದ್ದೇನು ತಪ್ಪು? ಆದರೆ ಟೀ ಅಂಗಡಿಯಲ್ಲಿ ಮಾತು ಬೇರೆ ಆಯಿತು. ಮೊದಲೆಲ್ಲ "ಅಣ್ಣೋ, ನನ್ ಟೋಪಿ ಎಲ್ಲಿಗಂಟ ಬಂತು?" ಎಂದು ಪೀಡಿಸುತ್ತಿದ್ದವನು, ಮಾವನ ತಿಥಿ ಮುಗಿಸಿ ಬಂದಾಗ ಟೀ ಲೋಟ ಇಟ್ಟು, "ಟೋಪಿ ನಿಧಾನಕ್ಕಾಗ್ಲಿ ಬುಡಣ್ಣ. ನಂಗೆ ಇನ್ನೂ ಮಗಳ ಮದ್ವೆ ಅದೆ," ಎಂದ. ಕೂತಿದ್ದವರೆಲ್ಲ ನಕ್ಕರು. ನಾನು ಟೀ ಕುಡಿಯದೆ ಎದ್ದು ಬಂದೆ. ಬಂದವನೇ ಮೂರು ಕೆಲಸವನ್ನೂ ಬೂದಿ ಉಂಡೆಯನ್ನೂ ಪೆಟ್ಟಿಗೆಗೆ ಹಾಕಿದೆ. ಅಕ್ಕನ ಕಾಫಿ ಬಣ್ಣದ ಉಲ್ಲನ್ನು ಆಗಲೇ ಬೂದಿಯ ಮೇಲೆ ಸುತ್ತಿಯಾಗಿತ್ತು. ಎರಡು ಚಳಿಗಾಲ ಅದು ಹಾಗೇ ಇತ್ತು.

ಈಗ ಅಕ್ಕ ಕೇಳಿದ್ದಾಳೆ. ತಾಯಿ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಒಂದು ಸಲವೂ ತನಗೆಂದು ಏನನ್ನೂ ಕೇಳಿದವಳಲ್ಲ.

"ಬೂದಿ ದಾರ ಕತ್ತರಿಸ್ಬುಟ್ಟು ಬ್ಯಾರೆ ಹಾಕಿ," ಎಂದಳು ಹೆಂಡತಿ. "ಅಷ್ಟಾದ್ರೂ ಮಾಡಿ."

ಕತ್ತರಿಸಿದರೆ, ನನ್ನ ದಾರದಲ್ಲಿ ದೋಷವಿತ್ತೆಂದು ನಾನೇ ಒಪ್ಪಿಕೊಂಡಂತೆ. ಕತ್ತರಿಸಲಿಲ್ಲ.

ಜಗಲಿಯ ಮೇಲೆ ಬಿಸಿಲಿಗೆ ಕೂತು ಹೆಣೆಯತೊಡಗಿದೆ. ಉಂಡೆ ಉರುಳಿ ಹೋಗಬಾರದೆಂದು ಅಲ್ಯೂಮಿನಿಯಂ ಪಾತ್ರೆಯೊಳಗೆ ಹಾಕಿಕೊಳ್ಳುತ್ತೇನೆ. ದಾರ ಎಳೆದಾಗಲೆಲ್ಲ ಉಂಡೆ ತಿರುಗಿ ಪಾತ್ರೆ ಮೆಲ್ಲಗೆ ಸದ್ದು ಮಾಡುತ್ತದೆ. ಎರಡು ವರ್ಷ ಮುಟ್ಟದಿದ್ದರೂ ಕೈ ತಾನಾಗಿ ಓಡಿತು. ಓಡಿತು ಅನ್ನುವುದಕ್ಕಿಂತ, ಯಾರೋ ಮುಂದೆ ನಡೆಯುತ್ತಿದ್ದಾರೆ, ನಾನು ಹಿಂದೆ ಹೆಜ್ಜೆ ಹಾಕುತ್ತಿದ್ದೇನೆ ಅನ್ನುವ ಹಾಗಿತ್ತು. ಮೈ ಮುಗಿಯಿತು, ತೋಳುಗಳು ಮುಗಿದವು. ಒಂದು ಮಧ್ಯಾಹ್ನ, ಗಾಳಿ ನಿಂತು ಬೀದಿಯೆಲ್ಲ ಖಾಲಿಯಾಗಿದ್ದಾಗ, ಕಾಫಿ ಬಣ್ಣ ತೀರಿ ಕಡ್ಡಿಯ ಮೇಲೆ ಬೂದಿ ಬಂತು. ದಾರ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು. ಆದರೆ ಪಾತ್ರೆ ಆಗ ನೆರಳಿನಲ್ಲಿತ್ತು.

ಕಡ್ಡಿಗಳನ್ನು ಮಡಿಲಲ್ಲಿಟ್ಟು ಕೈ ಕೊಡವಿಕೊಂಡೆ. ಪಾತ್ರೆಯಲ್ಲಿ ಉಂಡೆ ಇನ್ನೊಂದು ಸುತ್ತು ತಿರುಗಿತು.

ಬೆಕ್ಕು ಕಾಲು ಹಾಕಿರಬೇಕೆಂದು ನೋಡಿದೆ. ಬೆಕ್ಕು ಎದುರು ಗೋಡೆಯ ಮೇಲೆ ಕೂತಿತ್ತು. ಅದೂ ಪಾತ್ರೆಯನ್ನೇ ನೋಡುತ್ತಿತ್ತು.

ಮಾರನೇ ದಿನ ಕುತ್ತಿಗೆಯನ್ನು ಹೆಣೆದು, ಮುಚ್ಚದೆ ಹಾಗೇ ಕಡ್ಡಿಯ ಮೇಲಿಟ್ಟುಕೊಂಡು, ಉಂಡೆ ಸಮೇತ ಚೀಲಕ್ಕೆ ಹಾಕಿ, ಹನೂರು ದಾಟಿ ಅಜ್ಜೀಪುರಕ್ಕೆ ಹೋದೆ. ಮುಗಿಸುವುದಾದರೆ ಅವಳ ಎದುರಿಗೇ ಮುಗಿಸಬೇಕು, ಅವಳು ಬೇಡ ಅಂದರೆ ಬಿಚ್ಚಬೇಕು, ಹೀಗೆಂದು ಬಸ್ಸಿನುದ್ದಕ್ಕೂ ಅಂದುಕೊಂಡೆ. ಅಕ್ಕನ ಮನೆ ಊರಿನ ಕೊನೆಗೆ, ಅಂಗಳದಾಚೆ ಹೊಲ, ಹೊಲದಾಚೆ ಬೆಟ್ಟ. ಅವಳು ಅಂಗಳದಲ್ಲಿ ಭಾವನ ಹಳೆಯ ಪಂಚೆ ಹೊದ್ದು ಕೂತಿದ್ದಳು. ತುಂಬಾ ಇಳಿದುಹೋಗಿದ್ದಳು.

"ಬಂದ್ಯಾ? ಸ್ವೆಟರ್ ತಂದ್ಯಾ, ಇಲ್ಲ ಕತೆ ತಂದ್ಯಾ?"

"ಎರಡ್ನೂ ತಂದಿವ್ನಿ," ಎಂದು ಕೂತೆ. ಜನ ಆಡುವ ಮಾತನ್ನೆಲ್ಲ ಹೇಳಿದೆ. ಮುಗಿಯದ ಉಂಡೆಯ ವಿಷಯವನ್ನೂ ಹೇಳಿದೆ, ಮೊದಲ ಸಲ ಬಾಯಿಬಿಟ್ಟು.

ಅಕ್ಕ ಕೆಮ್ಮು ಬರುವಷ್ಟು ನಕ್ಕಳು. "ಅವ್ರೆಲ್ಲ ನಿನ್ ಸ್ವೆಟರಿಂದ ಸತ್ತೋದ್ರಾ? ದೊಡ್ ಯಮಧರ್ಮ ಕಣ್ಲಾ ನೀನು! ಆಸ್ಪತ್ರೆಯವ್ರು ನೋಡಿದ್ರೆ ನಿನ್ ಕಡ್ಡಿ ಕಿತ್ಕತಾರೆ." ಆಮೇಲೆ ಸ್ವೆಟರನ್ನು ಎಳೆದುಕೊಂಡು ಬೂದಿ ಸಾಲುಗಳ ಮೇಲೆ ಬೆರಳಾಡಿಸಿದಳು. ನಗು ನಿಂತಿತು. "ಇದು ಅವ್ರ ದಾರ. ನಾನೇ ಆರಿಸಿದ್ದು. ನಿನ್ ಎಂಡ್ತಿ ಕತ್ತರಿಸು ಅಂದಿರ್ತಾಳೆ. ಕತ್ತರಿಸಿದ್ರೆ ನಾನು ಆಕತಿರ್ಲಿಲ್ಲ. ನಂಗೆ ಈ ಕುತ್ಗೇನೇ ಬೇಕು."

"ಭಯ ಆಗಲ್ವಾ ಅಕ್ಕ?"

"ಚಳಿ ಆಯ್ತದೆ ಕಣ್ಲಾ. ಬೇಗ ಮುಗ್ಸು."

ಒಂದೊಂದಾಗಿ ಕುಣಿಕೆಗಳನ್ನು ಮುಚ್ಚುತ್ತ ಬಂದೆ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ತೂರಿಸಿ ಎಳೆದರೆ ಅದು ಮುಚ್ಚಿತು. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಕೊನೆಯ ಕುಣಿಕೆ ಉಳಿದಾಗ ನನ್ನ ಬೆರಳು ನಿಂತುಬಿಟ್ಟಿತು. ಬಲವಂತ ಮಾಡಿದೆ, ಬಗ್ಗಲಿಲ್ಲ. ನಾನು ಹೆದರುವವನಲ್ಲ. ಮಗ್ಗದ ಮನೆಯಲ್ಲಿ ಹಾವು ಬಂದಾಗ ಬರಿಗೈಯಲ್ಲಿ ಬಾಲ ಹಿಡಿದವನು. ಆದರೆ ಅಕ್ಕನ ಕುತ್ತಿಗೆಯ ಸಣ್ಣ ಮೂಳೆಗಳು ನನ್ನ ಕಣ್ಣ ಮುಂದೆಯೇ ಇದ್ದವು.

"ಇದೊಂದು ಇರ್ಲಿ ಅಕ್ಕ. ಶಿವರಾತ್ರಿ ಕಳೀಲಿ, ಬಂದು ಮುಚ್ತೀನಿ."

"ಬಿಚ್ಕಂಡೋಗಲ್ವಾ?"

"ಒಂದ್ ಪಿನ್ ಕೊಡು."

ಸೆರಗಿಗೆ ಹಾಕಿದ್ದ ಪಿನ್ನನ್ನು ಬಿಚ್ಚಿಕೊಟ್ಟಳು. ಕೊನೆಯ ಕುಣಿಕೆಯನ್ನು ಪಿನ್ನಿಗೆ ಸಿಕ್ಕಿಸಿ ಭದ್ರ ಮಾಡಿದೆ. ದಾರದ ಜೊತೆಗೇ ಇದ್ದ ಬೂದಿ ಉಂಡೆಯನ್ನು ಸ್ವೆಟರಿನ ಜೇಬಿಗೆ ಇಳಿಬಿಟ್ಟೆ. ಅದು ಈಗಲೂ ನಿಂಬೆಹಣ್ಣಿನಷ್ಟೇ ಇತ್ತು. ಅಕ್ಕ ಹಾಕಿಕೊಂಡಳು. ಅಳತೆ ಸರಿಯಾಗಿತ್ತು. "ನೋಡು, ಬೀಗ ಆಕಿದ್ ಮನೆ ಆಗ್ಬುಟ್ಟೆ," ಎಂದು ಪಿನ್ನು ಮುಟ್ಟಿಕೊಂಡು ನಕ್ಕಳು.

ಆಮೇಲಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡುತ್ತಿದ್ದೆ.

"ಪಿನ್ನು ಅದಾ ಅಕ್ಕ?"

"ಅದೆ. ನಾನೂ ಇವ್ನಿ."

ಇಷ್ಟೇ ಮಾತು. ಹೆಂಡತಿ ಒಲೆಯ ಮುಂದೆ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. "ಇವ್ನಿ" ಅನ್ನುವುದು ಅವಳಿಗೂ ಕೇಳಿಸಿದ ಮೇಲೆ ಕಾಫಿ ಸೋಸುತ್ತಿದ್ದಳು. ಹೀಗೆ ಸಂಕ್ರಾಂತಿ ಬಂದು ಹೋಯಿತು. ಮಂಜು ಬಹಳ ಬಿದ್ದ ವರ್ಷ ಅದು.

ಒಂದು ಬೆಳಿಗ್ಗೆ ನಾನು ಮಾಡುವ ಮುಂಚೆ ಅಕ್ಕನೇ ಮಾಡಿದಳು.

"ಏನ್ಲಾ ನೀನು? ಬಂದೋನು ಎಬ್ಬಿಸ್ಬಾರ್ದಾಗಿತ್ತಾ? ಕಾಪೀನೂ ಕುಡೀದಂಗೆ ಓಗ್ಬುಟ್ಟಿದ್ದೀಯ?"

"ಎಲ್ಲಿಗೆ ಬಂದೆ?"

"ಇಲ್ಲಿಗೆ ಕಣ್ಲಾ. ಕುತ್ಗೆ ಮುಚ್ಚಿದ್ದೀಯ. ಪಿನ್ನ ಗೋಡೆ ಗೂಡ್ನಲ್ಲಿ ಮಡಗಿದ್ದೀಯ. ಆಕಂಡ್ ಮಲಗಿದ್ದೆ, ನಂಗೆ ಗೊತ್ತೇ ಆಗ್ನಿಲ್ಲ. ಬಾಳ ನೀಟಾಗದೆ."

ನಾನು ಕೊಳ್ಳೇಗಾಲದ ನಮ್ಮ ಮನೆಯ ಬಾಗಿಲಲ್ಲಿ ಹಲ್ಲುಪುಡಿ ಕೈಯಲ್ಲಿ ಹಿಡಿದು ನಿಂತಿದ್ದೆ. "ಅಲ್ಲೇ ಕೂತಿರು, ಬಂದೆ," ಎಂದಷ್ಟೇ ಹೇಳಿ ಮೊದಲ ಬಸ್ಸು ಹಿಡಿದೆ.

ದಾರಿಯುದ್ದಕ್ಕೂ ಕಿಟಕಿಯಾಚೆ ಏನೂ ಕಾಣುವಂತಿರಲಿಲ್ಲ, ಬರೀ ಬಿಳಿ. ಅಕ್ಕ ಇರುವುದಿಲ್ಲ ಎಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಅಂಗಳದ ಎಳೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಮುಖದಲ್ಲಿ ಹಿಂದಿನ ಸಲಕ್ಕಿಂತ ಕಳೆ ಇತ್ತು.

ಹತ್ತಿರ ಕೂತು ಕುತ್ತಿಗೆ ನೋಡಿದೆ. ಕೊನೆಯ ಕುಣಿಕೆಯೊಳಗೆ ದಾರ ತೂರಿಸಿ ಎಳೆದು, ಅದರ ತುದಿಯನ್ನು ಬೂದಿ ಬಣ್ಣ ಶುರುವಾಗುವ ಕಡೆಗೆ ತಂದು, ಯಾರೋ ಕೆಚ್ಚಿದ್ದರು. ಗಂಟಲ್ಲ. ಹೆಣೆಯುವವರು ಯಾರೂ ಹಾಗೆ ಮುಗಿಸುವುದಿಲ್ಲ, ಅದು ಮಗ್ಗದವರ ಕೈ. ಬೆರಳಾಡಿಸಿದೆ. ಹೊಸೆತ ಎಡಕ್ಕೆ ವಾಲಿತ್ತು. ನನ್ನ ಬೆರಳ ತುದಿಗೆ ಬೂದಿ ಅಂಟಿತು. ಸೌದೆ ಒಲೆಯ ಮನೆ, ಬೂದಿ ಎಲ್ಲಿಯಾದರೂ ಅಂಟಬಹುದು. ಅದನ್ನೂ ನನಗೆ ನಾನೇ ಹೇಳಿಕೊಂಡೆ.

"ಉಂಡೆ ಎಲ್ಲಿ ಅಕ್ಕ?"

ಜೇಬಿಗೆ ಕೈ ಹಾಕಿ ಒಳಗನ್ನು ಹೊರಗೆ ಎಳೆದು ತೋರಿಸಿದಳು. ಖಾಲಿ.

"ಮುಗ್ದಿರ್ಬೇಕು."

ಒಳಗೆ ಹೋಗಿ ನೋಡಿದೆ. ಪಿನ್ನು ಗೋಡೆಯ ಗೂಡಿನಲ್ಲಿತ್ತು, ಭಾವ ಬೀಡಿ ಇಡುತ್ತಿದ್ದ ಗೂಡು. ಮುಚ್ಚಿಯೇ ಇಟ್ಟಿದ್ದರು, ಯಾರ ಕೈಗೂ ಚುಚ್ಚಬಾರದೆಂದು.

ಹೊರಗೆ ಬಂದು, "ನಾನು ಬಂದಿರ್ನಿಲ್ಲ ಅಕ್ಕ," ಎಂದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಾಯ್ತು ಬುಡು, ನಿನ್ ಮೊಕ ನೋಡ್ದಾಗ್ಲೇ," ಎಂದಳು. ಆಮೇಲೆ, "ಅವ್ರು ಕೆಲ್ಸ ಹಿಡ್ದ್ರೆ ಮುಗ್ಸೋರು. ನಿನ್ನಂಗೆ ವರ್ಸಗಟ್ಲೆ ಕಡ್ಡೀಲಿ ಮಡಗೋರಲ್ಲ."

ಎಡ ಹೊಸೆತವನ್ನು ಬಲಕ್ಕೆ ತಿರುವಿದರೆ ಬಿಚ್ಚಿಕೊಳ್ಳುತ್ತದೆ. ಮಗ್ಗದ ಮೇಲೆ ಭಾವನ ಎಳೆಗಳನ್ನು ಎಷ್ಟೋ ಸಲ ಹಾಗೆ ಬಿಚ್ಚಿದ್ದೇನೆ. ಕೈ ಮುಂದೆ ಚಾಚಿ, "ಬಿಚ್ಲಾ?" ಎಂದೆ.

ಅಕ್ಕ ಎರಡೂ ಕೈಯಿಂದ ಕುತ್ತಿಗೆಯನ್ನು ಮುಚ್ಚಿಕೊಂಡಳು. ಚಿಕ್ಕ ಹುಡುಗಿಯ ಹಾಗೆ. "ಮುಟ್ಬ್ಯಾಡ. ಬೆಚ್ಗದೆ."

ನಾನು ವಾಪಸು ಹೋಗಲಿಲ್ಲ. ಹೆಂಡತಿಗೆ ಫೋನ್ ಮಾಡಿ ಮಫ್ಲರನ್ನೂ ಟೋಪಿಯನ್ನೂ ಬಸ್ಸಿನವರ ಕೈಯಲ್ಲಿ ಕಳಿಸು ಎಂದೆ. ಅವಳು ಕಳಿಸಿದಳು. ಅಜ್ಜೀಪುರದ ಆ ಅಂಗಳದಲ್ಲಿ ಕೂತು ಎರಡನ್ನೂ ಮುಗಿಸಿದೆ. ಜೋಡಿಸಲು ಬೂದಿ ದಾರ ಉಳಿದಿರಲಿಲ್ಲ. ಮೊದಲ ಸಲ ಹಳೆಯದಕ್ಕೆ ಕೆಚ್ಚದ ಹೊಸ ಉಂಡೆಯಲ್ಲೇ ಹೆಣೆದು, ಕೊನೆಗೆ ಗಂಟು ಹಾಕಿ ಕತ್ತರಿಸಿದೆ. ಕತ್ತರಿಸುವಾಗ ಅಕ್ಕ ನೋಡುತ್ತಿದ್ದಳು. ದಿನಾ ಮುಂಜಾನೆ ನನಗೆ ಎಚ್ಚರವಾಗುವುದು ಅವಳು ಒಳಗೆ ಗಂಟಲು ಸರಿ ಮಾಡಿಕೊಳ್ಳುವ ಸದ್ದಿಗೆ. ಅದು ಕೇಳುವವರೆಗೆ ಕಂಬಳಿಯೊಳಗೆ ಉಸಿರು ಹಿಡಿದಿರುತ್ತಿದ್ದೆ. ಎರಡು ಬೆಳಿಗ್ಗೆ, ಸದ್ದಿಗೆ ಮುಂಚೆ, ಯಾರೋ ಬೀಡಿ ಹಚ್ಚಿದ ವಾಸನೆ ಬಂದಂತಾಯಿತು. ಅಕ್ಕನನ್ನು ಕೇಳಲಿಲ್ಲ.

ಶಿವರಾತ್ರಿಯ ದಿನ ತಲೆಗೆ ನೀರು ಹಾಕಿಕೊಳ್ಳಲು ಸ್ವೆಟರು ತೆಗೆದಳು. ಯಳಂದೂರಿನ ಮಾವನನ್ನು ನೆನೆದು ನಾನು ಬಾಗಿಲ ಹೊರಗೇ ಕತ್ತರಿ ಹಿಡಿದು ನಿಂತಿದ್ದೆ. ಬೇಕಾಗಲಿಲ್ಲ. ತಲೆಯಿಂದ ಸಲೀಸಾಗಿ ಬಂದಿತಂತೆ. ಅದನ್ನು ಒಗೆದು ಒಣಗಿಸಿ, ಭಾವನ ಬೂದಿ ಸ್ವೆಟರಿನ ಮೇಲೆ ಮಡಿಸಿಟ್ಟಳು. "ಬರೋ ಚಳಿಗೆ ಆಯ್ತದೆ," ಎಂದಳು. ಮಾರನೇ ದಿನ ನಾನು ಕೊಳ್ಳೇಗಾಲಕ್ಕೆ ಬಂದೆ.

ಟೀ ಅಂಗಡಿಯವನು ಟೋಪಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. "ಬೂದಿ ಇಲ್ಲ ತಾನೇ ಅಣ್ಣ?" ಎಂದ. ಇಲ್ಲ ಎಂದೆ. ಬಿಸಿಲು ಏರುತ್ತಿದ್ದರೂ ಹಾಕಿಕೊಂಡೇ ಟೀ ಕೊಟ್ಟ. ಹೆಂಡತಿ ಮಫ್ಲರನ್ನು ಇನ್ನೂ ಸುತ್ತಿಕೊಂಡಿಲ್ಲ, ಆದರೆ ಎಸೆದೂ ಇಲ್ಲ. ಮಂಚದ ತಲೆಯ ಕಡೆ ನೇತುಹಾಕಿದ್ದಾಳೆ.

ಯುಗಾದಿ ಕಳೆದು ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆ ಇತ್ತು. ಅದರಲ್ಲಿ ಈಗ ಏನನ್ನೂ ಹಾಕುವುದಿಲ್ಲ, ಎತ್ತಿಡಬೇಕೆಂದುಕೊಂಡೂ ಎತ್ತಿಟ್ಟಿರಲಿಲ್ಲ. ಗಾಳಿ ಇರಲಿಲ್ಲ. ಖಾಲಿ ಪಾತ್ರೆಯೊಳಗೆ, ಉಂಡೆ ಒಂದು ಸುತ್ತು ತಿರುಗಿದ ಸದ್ದಾಯಿತು.

ಹೆಂಡತಿಯ ಕೈ ನಿಂತಿತು. "ಕೇಳುಸ್ತಾ?"

"ಬೆಕ್ಕು," ಎಂದೆ.

ಬೆಕ್ಕು ಎದುರು ಗೋಡೆಯ ಮೇಲಿತ್ತು. ಅವಳೂ ನೋಡಿದಳು, ನಾನೂ ನೋಡಿದೆ. ಎದ್ದು ಒಳಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಬಾಗಿಲಲ್ಲಿ ಹೆಂಡತಿ ಹುಣಸೆಯ ಕೈಯಲ್ಲೇ ಬಂದು ನಿಂತಳು.

"ಅಕ್ಕ?"

ಆ ಕಡೆ ಗಂಟಲು ಸರಿ ಮಾಡಿಕೊಂಡ ಸದ್ದು.

"ಇವ್ನಿ ಕಣ್ಲಾ. ಒಲೆ ಮುಂದ್ಲಿದ್ದೆ. ಯಾಕೆ, ಈ ಒತ್ನಲ್ಲಿ?"

"ಏನಿಲ್ಲ ಅಕ್ಕ," ಎಂದೆ. "ಸುಮ್ನೆ."